ತುಟಿಗೆ ತಾಗದ ಮದ್ದು

"ಗುರುಗಳೇ, ಬರೆಯಬೇಕಾದ ಮದ್ದನ್ನೆಲ್ಲ ಬರೆದ ಮೇಲೂ ಉಬ್ಬಸ ಇಳಿಯದಿದ್ದರೆ ಮುಂದೆ ಏನು ಬರೆಯಬೇಕು?"

ಕೇಳಿದವಳು ನಾಗವೇಣಿ, ಆಸ್ಪತ್ರೆಯಲ್ಲಿ ಗುರುಗಳ ಕೈಕೆಳಗೆ ಕಲಿಯುತ್ತಿದ್ದ ಎಳೆಯ ವೈದ್ಯೆ. ಅವಳ ವಾರ್ಡಿನಲ್ಲಿ ಒಬ್ಬ ಅಜ್ಜ ಹಳೆಯ ಉಬ್ಬಸದಿಂದ ಮಲಗಿದ್ದ. ಅವನು ಕೈತಪ್ಪಿ ಹೋದಾನೆಂಬ ಭಯ ಅವಳಿಗೆ.

"ಮೊದಲು ಕೂತುಕೋ ತಾಯಿ" ಎಂದು ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಚೆನ್ನಾಗಿ ಓದಿದವನು, ಒಳ್ಳೆಯವನು ಕೂಡ. ಅವನ ವಾರ್ಡಿಗೆ ಒಬ್ಬ ಮುದುಕಿ ಬಂದಳು. ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಲೇ ಮುದುಕಿಯಾದವಳು. ಘಾಟು ಕುಡಿದು ಕುಡಿದು ಎದೆ ಕಟ್ಟಿತ್ತು. ಒಂದು ಮಾತು ಮುಗಿಸುವಷ್ಟು ಉಸಿರು ಅವಳಲ್ಲಿರಲಿಲ್ಲ. ವೈದ್ಯ ಇನ್‌ಹೇಲರ್ ಬರೆದ. ಸರಿಯಾದ ಮದ್ದೇ. "ಬಾಯಿಲೆ ಎಳಕೋ ಅವ್ವಾ" ಎಂದು ಹೇಳಿ ಮುಂದಿನ ಮಂಚಕ್ಕೆ ಹೋದ.

ಉಬ್ಬಸ ಇಳಿಯಲಿಲ್ಲ. ದಿನಾ ಬೆಳಿಗ್ಗೆ "ಮದ್ದು ತಗೊಂಡಿ?" ಎಂದು ಕೇಳುತ್ತಿದ್ದ. ಅವಳು ತಲೆಯಾಡಿಸುತ್ತಿದ್ದಳು. ಸುಳ್ಳಲ್ಲ, ತಗೊಂಡಿದ್ದಳು. ವೈದ್ಯ ಮಾತ್ರೆ ಸೇರಿಸಿದ. ಆಮೇಲೆ ಸೂಜಿ ಸೇರಿಸಿದ. ನಮ್ಮ ವೈದ್ಯರ ಕುಲವೇ ಹಾಗಲ್ಲವೇ, ಕೈಯಲ್ಲಿ ಪೆನ್ನಿದ್ದರೆ ಸುಮ್ಮನಿರಲು ಬಾರದು. ಮುದುಕಿಯ ಕೈ ನಡುಗತೊಡಗಿತು, ನಿದ್ದೆ ಹಾರಿತು. ಉಸಿರು ಮಾತ್ರ ಇದ್ದಲ್ಲೇ ಇತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಕೊನೆಗೆ ಬರೆಯಲು ಮದ್ದೇ ಉಳಿಯಲಿಲ್ಲ. ವೈದ್ಯನಿಗೆ ದುಃಖವಾಯಿತು. ಏನೂ ತೋಚದೆ ಅವಳ ಮಂಚದ ಅಂಚಿನಲ್ಲಿ ಕುಳಿತುಬಿಟ್ಟ. ಅಷ್ಟರಲ್ಲಿ ಅವಳಿಗೆ ಮದ್ದಿನ ಹೊತ್ತಾಯಿತು. ಮುದುಕಿ ಇನ್‌ಹೇಲರ್ ಎತ್ತಿಕೊಂಡಳು. ತಲೆ ಹಿಂದಕ್ಕೆ ಬಾಗಿಸಿ, ಬಾಯಿ ತೆರೆದು, ಗೇಣೆತ್ತರದಿಂದ ಒತ್ತಿದಳು. ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ನೀರು ಕುಡಿಯುತ್ತೇವಲ್ಲ, ಹಾಗೆ. ಮದ್ದೆಲ್ಲ ಗಾಳಿಗೆ ಹೋಯಿತು.

"ಬಾಯಿಗೆ ಯಾಕ ಹಚ್ಚವಲ್ಲಿ ಅವ್ವಾ?"

ಅವಳು ತಡೆತಡೆದು ಹೇಳಿದಳು: "ದವಾಖಾನಿ ಸಾಮಾನು... ಎಂಜಲ ಹೆಂಗ ಮಾಡ್ಲೆಪ್ಪಾ... ನನ್ನ ಹಿಂದ ಬರೋರಿಗೆ ಬೇಕಲ್ಲ..."

ವೈದ್ಯನ ಕಣ್ಣು ತುಂಬಿತು. "ಇದು ನಿಂದ ಅವ್ವಾ, ಬ್ಯಾರೆ ಯಾರಿಗೂ ಕೊಡಾಂಗಿಲ್ಲ" ಎಂದು ಇನ್‌ಹೇಲರನ್ನು ಅವಳ ತುಟಿಯ ನಡುವೆ ಇಟ್ಟ. ಮೆಲ್ಲಗೆ ಉಸಿರೆಳೆಯುವುದನ್ನು ತಾನೇ ಮಾಡಿ ತೋರಿಸಿದ. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಒಂದೇ ಉಸಿರಿನಲ್ಲಿ ಒಂದು ಇಡೀ ಮಾತು ಆಡಿದಳು: "ನಾಷ್ಟಾ ಮಾಡಿ ಬಂದ್ಯೋ, ಇಲ್ಲಾ ಹಸಕೊಂಡ ಬಂದ್ಯೋ ನನ್ನಪ್ಪಾ?"

ಗುರುಗಳು ನಕ್ಕು ಕತೆ ಮುಗಿಸಿದರು.

"ಹಾಗಾದರೆ ಆ ವೈದ್ಯ ಕೊನೆಗೆ ಹೊಸದಾಗಿ ಏನು ಬರೆದ ಗುರುಗಳೇ?" ಎಂದಳು ನಾಗವೇಣಿ.

"ಬರೆದದ್ದರಲ್ಲಿ ಎರಡನ್ನು ಹೊಡೆದುಹಾಕಿದ; ಈಗ ನೀನು ಹೇಳು ಮಗಳೇ, ನಿನ್ನ ಅಜ್ಜ ಮದ್ದು ಎಳೆಯುವಾಗ ನೀನು ಯಾವ ಮಂಚದ ಬಳಿ ಇರುತ್ತೀಯ?"

ನಾಗವೇಣಿ ಎದ್ದು ಅಜ್ಜನ ಮಂಚದತ್ತ ನಡೆದಳು.