ಶರಬತ್ತು ಬಳ್ಳಿಯ ಚಪ್ಪರ

ನದಿಯ ದಡದಲ್ಲೊಂದು ಆಶ್ರಮ. ಅಡುಗೆಮನೆಯ ಹಿಂದೆ ಶರಬತ್ತು ಹಣ್ಣಿನ ಎರಡು ಬಳ್ಳಿಗಳು ಮರದ ಚಪ್ಪರ ಏರಿದ್ದವು. ಸುತ್ತಲಿನ ಊರುಗಳಲ್ಲಿ ಯಾರೂ ಆ ಹಣ್ಣನ್ನು ಕಂಡವರಲ್ಲ.

ಶಿಷ್ಯ ಚನ್ನವೀರನ ಓದು ಮುಗಿದಿತ್ತು. ಬೇರೆ ಊರಿನಲ್ಲಿ ತನ್ನದೇ ಆಶ್ರಮ ಕಟ್ಟಲು ಅಪ್ಪಣೆ ಕೇಳಿದ.

"ಈ ಬಳ್ಳಿಗಳನ್ನು ನಿನಗೆ ಒಪ್ಪಿಸಿದ್ದೇನೆ. ಕಾಯಿ ಕಚ್ಚಲಿ, ಹೋಗುವೆಯಂತೆ," ಎಂದರು ಗುರುಗಳು.

"ಅಷ್ಟೇನಾ?"

"ಅಷ್ಟೇ."

ಚನ್ನವೀರ ಗೊಬ್ಬರ ಹಾಕಿದ. ಹೊತ್ತಿಗೆ ಸರಿಯಾಗಿ ನೀರುಣಿಸಿದ. ಕರಿ ದುಂಬಿಗಳು ಚಪ್ಪರದ ಒಣ ಕಂಬಗಳನ್ನು ಕೊರೆದು ಗೂಡು ಮಾಡುತ್ತಿದ್ದವು. ಅವು ಹೊರಗೆ ಹೋದಾಗ ತೂತುಗಳಿಗೆಲ್ಲ ಜೇಡಿಮಣ್ಣು ಮೆತ್ತಿದ. ದುಂಬಿಗಳು ಸುತ್ತಾಡಿ ಸೋತು ಬೇರೆಲ್ಲಿಗೋ ಹೋದವು. ಕಂಬ ಉಳಿಯಿತು.

ಬಳ್ಳಿಯ ತುಂಬ ಹೂ. ಮಧ್ಯಾಹ್ನ ಅರಳಿದ್ದು ಮರುದಿನ ನೆಲದ ಮೇಲೆ. ಒಂದೂ ಕಾಯಾಗಲಿಲ್ಲ.

"ಹೂವಿನ ಹಾಸಿಗೆ ಚೆನ್ನಾಗಿದೆಯಪ್ಪ," ಎಂದರು ಗುರುಗಳು. "ಮಲಗಲು ಆದೀತು. ತಿನ್ನಲು?"

"ಪರಾಗ ಸೇರುತ್ತಿಲ್ಲ, ಗುರುಗಳೇ. ನಾನೇ ಸೇರಿಸುತ್ತೇನೆ."

"ಸೇರಿಸು."

ಅಂದಿನಿಂದ ಬಿಸಿಲು ನೆತ್ತಿಗೇರಿದಾಗಲೆಲ್ಲ ಚನ್ನವೀರ ಏಣಿಯ ಮೇಲೆ. ಅರಳೆಯ ಉಂಡೆಯಿಂದ ಒಂದು ಬಳ್ಳಿಯ ಪರಾಗ ತೆಗೆದು ಇನ್ನೊಂದರ ಹೂವಿಗೆ ಸವರಿದ. ಊಟ ಆರಿತು, ಪಾಠ ತಪ್ಪಿತು. ಆದರೆ ಕಾಯಿ ಕಚ್ಚಿತು.

"ನಾಳೆ ಹೊರಡಲೇ, ಗುರುಗಳೇ?"

"ಹೊರಡು. ನಾಳೆಯ ಹೂವಿಗೆ ಏಣಿ ಹತ್ತುವವರು ಯಾರು? ನನಗಂತೂ ಮೊಣಕಾಲು ನೋವು."

ಚನ್ನವೀರ ನಕ್ಕ. ಗುರುಗಳು ನಗಲಿಲ್ಲ.

ಅವನು ಚಪ್ಪರದ ಕೆಳಗೆ ಹೋಗಿ, ದುಂಬಿಗಳನ್ನು ಓಡಿಸಲು ತಾನು ಮುಚ್ಚಿದ್ದ ತೂತುಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಒಂದು ಕಡ್ಡಿ ತಂದು ತೂತುಗಳ ಮಣ್ಣನ್ನೆಲ್ಲ ಕೆದಕಿ ತೆಗೆದ.

"ಕಂಬ ಟೊಳ್ಳಾಗುತ್ತದೆ, ಗುರುಗಳೇ."

"ನೀನು ಬೆಳೆಸುತ್ತಿರುವುದು ಕಂಬವನ್ನೋ, ಬಳ್ಳಿಯನ್ನೋ?"

ಏಣಿ ಮೂಲೆ ಸೇರಿತು. ಹೂಗಳು ಮತ್ತೆ ಸುಮ್ಮನೆ ಉದುರಿದವು. ಚನ್ನವೀರನ ಕೈ ಚಡಪಡಿಸಿತು. ಆದರೂ ಏಣಿ ಮುಟ್ಟಲಿಲ್ಲ.

ಒಂದು ಮಧ್ಯಾಹ್ನ ಗುಂಯ್ ಎಂಬ ಸದ್ದು. ಬೆನ್ನಿಗೆಲ್ಲ ಪರಾಗ ಮೆತ್ತಿಕೊಂಡ ಕರಿ ದುಂಬಿಯೊಂದು ಈ ಬಳ್ಳಿಯಿಂದ ಆ ಬಳ್ಳಿಗೆ ಹಾರಿತು. ಅದರ ಹಿಂದೆ ಇನ್ನೊಂದು.

ಕೆಲವು ದಿನ ಬಿಟ್ಟು ಚನ್ನವೀರ ಗುರುಗಳನ್ನು ಚಪ್ಪರಕ್ಕೆ ಕರೆತಂದ. ಎಲೆಗಳ ನಡುವೆ ಎಳೆಯ ಕಾಯಿಗಳು ಹೊಳೆಯುತ್ತಿದ್ದವು.

"ಇವುಗಳಲ್ಲಿ ಒಂದನ್ನೂ ನಾನು ಮುಟ್ಟಿಲ್ಲ, ಗುರುಗಳೇ."

ಗುರುಗಳು ತಲೆಯೆತ್ತಿ ನಿಧಾನವಾಗಿ ನೋಡಿದರು. ಅವನ ನೆತ್ತಿಯ ಮೇಲೆ ಕೈಯಿಟ್ಟರು.

"ನೀನಿಲ್ಲದೆಯೂ ಕಾಯಿ ಕಚ್ಚುತ್ತಿದೆ. ಇನ್ನು ಹೊರಡಪ್ಪ, ಆಶ್ರಮ ಕಟ್ಟು."