ಸಾವ್ಕಾರರ ನೋಟಿಸು

ತಹಸೀಲ್ದಾರ ಕಚೇರಿ ಮುಂದಿನ ಬೇವಿನ ಮರದ ಕೆಳಗೆ ಅರ್ಜಿ ಟೈಪ್ ಮಾಡುವ ನೀಲವ್ವ, ಗುರುಪಾದಪ್ಪ ಸಾವ್ಕಾರರ ಮನೆಯಲ್ಲಿ ಬಾಡಿಗೆಗಿದ್ದಳು. ಒಂದು ದಿನ ಸಾವ್ಕಾರರೇ ಬಂದು ಎದುರಿನ ಸ್ಟೂಲಿನ ಮೇಲೆ ಕೂತರು.

"ಮುಂದಿನ ತಿಂಗಳಿಂದ ನಿನ್ನ ಬಾಡಿಗಿ ದುಪ್ಪಟ್ಟು. ನೋಟಿಸ್ ಟೈಪ್ ಮಾಡು. ಬ್ಯಾರೇ ಟೈಪಿನವ್ರು ರೊಕ್ಕ ಕೇಳ್ತಾರ."

ತನಗೆ ಬರುವ ನೋಟಿಸನ್ನು ತಾನೇ ಟೈಪ್ ಮಾಡಬೇಕು, ಅದೂ ಪುಕ್ಕಟೆ! ನೀಲವ್ವ ನಡುವೆ ಕಾರ್ಬನ್ ಇಟ್ಟು ಎರಡು ಹಾಳೆ ಮಷೀನಿಗೆ ಏರಿಸಿದಳು.

"ಕಾರಣ ಬೇಕಲ್ರಿ. ಸೋರೂ ಮಾಳಿಗಿ ರಿಪೇರಿ ಮಾಡ್ಸೀನಿ ಅಂತ ಬರೀಲೇನ್ರಿ?"

"ಎಲ್ಲಿ ಮಾಡ್ಸೀನಿ?"

"ನೀರಿನ ನಳಾ ಹಾಕ್ಸೀರೇನ್ರಿ?"

"ಇಲ್ಲ."

"ಮತ್ಯಾಕ ಏರಸ್ತೀರಿ?"

"ಮಗಾ ಕಾರ್ ತಗೊಂಡಾನ. ಕಂತು ಕಟ್ಟೋದು ಬ್ಯಾಡೇನು?"

ಟಕಟಕ ಟೈಪಾಯಿತು. ಸಹಿಗೆ ಮೊದಲು ಗಟ್ಟಿಯಾಗಿ ಓದಿ ಹೇಳುವುದು ಅವಳ ಪದ್ಧತಿ. ಓದಿದಳು: "ಮಾಳಿಗೆ ಸೋರುತ್ತಿದೆ, ರಿಪೇರಿ ಮಾಡಿಸಿಲ್ಲ. ನಳ ಹಾಕಿಸಿಲ್ಲ. ನನ್ನ ಮಗ ಕಾರು ಕೊಂಡಿರುವುದರಿಂದ ನಿಮ್ಮ ಬಾಡಿಗೆ ದುಪ್ಪಟ್ಟು ಮಾಡಿದ್ದೇನೆ."

ಅರ್ಜಿಗೆಂದು ಕಾದು ನಿಂತವರೆಲ್ಲ ಗೊಳ್ಳೆಂದು ನಕ್ಕರು.

ಸಾವ್ಕಾರರ ಮುಖ ಕೆಂಪಾಯಿತು. "ಇದಕ್ಕ ನೀ ಏನಂತ ಉತ್ತರ ಬರೀತಿ?"

"ಒಂದ ಸಾಲ್ರಿ. ನೋಟಿಸಿನ್ಯಾಗ ಇದ್ದದ್ದೆಲ್ಲಾ ಖರೇ ಐತಿ ಅಂತ."

ಸಾವ್ಕಾರರು ಮೇಲಿನ ಹಾಳೆ ಕಿತ್ತು ಚೂರುಚೂರು ಮಾಡಿದರು. "ಹಳೇ ಬಾಡಿಗೀನ ಇರ್ಲಿ, ತಗೋ!"

ನೀಲವ್ವ ಕೆಳಗಿನ ಕಾರ್ಬನ್ ಪ್ರತಿಯನ್ನು ಮತ್ತೆ ಮಷೀನಿಗೆ ಏರಿಸಿದಳು.

"ಈ ಮಾತನ್ನೂ ಇದರ ಕೆಳಗ ಟೈಪ್ ಮಾಡ್ತೀನ್ರಿ. ಸಹಿ ಹಾಕೇ ಹೋಗ್ರಿ."