ಹೆದೆ ಇಳಿಸದ ಬಿಲ್ಲು

ಹತ್ತಿರ ಬನ್ನಿ ಮಕ್ಕಳೇ, ಕೂತು ಕೇಳಿ. ಕಲ್ಲುಗುಡ್ಡಗಳ ನಡುವೆ ಬೊಮ್ಮನಗಡ ಅಂತ ಒಂದು ರಾಜ್ಯವಿತ್ತು. ಅಲ್ಲಿ ದೊರೆಯ ಬಿಲ್ಲು ಕಾಯೋದಕ್ಕೆ ಭರಮಣ್ಣ ಅಂತ ಒಬ್ಬನಿದ್ದ. ಆಳು ಗಟ್ಟಿಮುಟ್ಟು, ಮೀಸೆ ಹುರಿ, ಬಾಯಿ ಮಾತ್ರ ಊರಗಲ.

ಬಿಲ್ಲು ಕಾಯುವವರಿಗೆ ಒಂದು ಕಟ್ಟಳೆ. ಅಂಬು ಬಿಡುವಾಗ ಹೆದೆ ಏರಿಸಬೇಕು. ಬಿಟ್ಟಾದ ಮೇಲೆ ಹೆದೆ ಇಳಿಸಿ ಬಿಲ್ಲನ್ನು ಮಲಗಿಸಬೇಕು. ಹೆದೆ ಅಂದರೆ ಬಿಲ್ಲಿನ ಎರಡು ತುದಿಗೆ ಬಿಗಿಯುವ ಹುರಿ. ಅದನ್ನು ಏರಿಸೋದು ಬೆನ್ನು ಮುರಿಯುವ ಕೆಲಸ. ಭರಮಣ್ಣನೋ ಸೋಮಾರಿ. ಮೇಲಾಗಿ ಬಿಗಿದ ಬಿಲ್ಲನ್ನು ಗೋಡೆಗೆ ತೂಗುಹಾಕಿ, ಬಂದವರಿಗೆಲ್ಲ ತೋರಿಸಿ ಮೀಸೆ ತಿರುವುವ ಚಟ ಬೇರೆ. ದೊರೆ ಅದನ್ನು ಮುಟ್ಟುವುದು ವರ್ಷಕ್ಕೊಮ್ಮೆ ತಾನೇ! ಚಳಿಗಾಲ ಕಳೆಯಿತು, ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು. ಹೆದೆ ಇಳಿಯಲೇ ಇಲ್ಲ.

ವಿಜಯದಶಮಿ ಬಂತು. ಅವತ್ತು ದೊರೆ ಬಾಳೆಕಂಬಕ್ಕೆ ಅಂಬು ಹೊಡೆಯಬೇಕು. ಒಂದು ಅಂಬು ಬಿಟ್ಟ, ಮಣ್ಣಿಗೆ ಬಿತ್ತು. ಇನ್ನೊಂದು ಬಿಟ್ಟ, ಅದೂ ಮಣ್ಣಿಗೆ. ಮೂರನೆಯದು ಕಂಬದ ಹತ್ತಿರಕ್ಕೂ ಹೋಗಲಿಲ್ಲ. ಅಪಶಕುನ ಅಂತ ಜನ ಗುಸುಗುಸು ಅಂದರು.

"ಯಾರ ತಪ್ಪಿದು?" ದೊರೆ ಗುಡುಗಿದ.

ಭರಮಣ್ಣ ಥಟ್ಟನೆ ಮುಂದೆ ಬಂದ. "ಹೆದೆ ಸರಿಯಿಲ್ಲ ಬುದ್ಧಿ. ಹೊಸೆದವಳು ಪಾಲವ್ವ," ಅಂದುಬಿಟ್ಟ.

ಅರಮನೆಗೆ ಹುರಿ ಹೊಸೆಯುತ್ತಿದ್ದ ಮುದುಕಿ ಪಾಲವ್ವ ಅಲ್ಲೇ ಜನರ ನಡುವೆ ನಿಂತು ಅವನ ಮುಖವನ್ನೇ ನೋಡಿದಳು. "ನನ್ನ ಹುರಿ ಯಾವತ್ತೂ ಕೈ ಕೊಟ್ಟಿಲ್ಲ ಬುದ್ಧಿ," ಅಂದಳು.

ದೊರೆ ಕೇಳಲಿಲ್ಲ. "ಹೊತ್ತು ಮುಳುಗೋದರೊಳಗೆ ಊರು ಬಿಡಲಿ!"

ಅವಳು ಗಂಟು ಕಟ್ಟಲು ಮನೆಗೆ ಹೋದಳು. ಭರಮಣ್ಣ ನಾಚಿ ತಲೆ ತಗ್ಗಿಸಿದ. ನಿಜ ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಊರಗಲದ ಬಾಯಿಗೆ ಬೇಕಾದಾಗಲೇ ಬೀಗ ಬಿತ್ತು ನೋಡಿ!

ಅವನು ತಲೆ ತಗ್ಗಿಸಿದ್ದನ್ನು ರಾಣಿ ಹೊನ್ನಾಂಬೆ ಕಂಡಳು. ಚುರುಕು ಹೆಂಗಸು, ಅನುಮಾನ ಬಂತು. ಎರಡು ತೊಗಲ ಚೀಲ ತರಿಸಿದಳು. ಒಂದಕ್ಕೆ ಗಾಳಿ ಊದಿಸಿ ಬಾಯಿ ಬಿಗಿಸಿದಳು, ಇನ್ನೊಂದಕ್ಕೆ ನೀರು ತುಂಬಿಸಿ ಬಿಗಿಸಿದಳು.

"ನನಗೆ ನಿನ್ನ ವಿದ್ಯೆ ತಿಳಿಯದಪ್ಪ ಭರಮಣ್ಣ, ಹೇಳಿಕೊಡು. ಗಾಳಿ ಚೀಲ ಒತ್ತಿದರೆ ಏನಾಗುತ್ತೆ?"

ವಿದ್ಯೆ ಅಂದದ್ದೇ ತಡ, ಅವನ ಮೀಸೆ ನಿಮಿರಿತು. "ಕುಗ್ಗುತ್ತೆ ತಾಯಿ. ನಮ್ಮ ತೋಳಿನ ಕಸುವು ಅದರೊಳಗೆ ಕೂತ್ಕಳುತ್ತೆ. ಕೈ ತೆಗೆದರೆ ಅದೇ ಕಸುವು ಪುಟಿದು ಬರುತ್ತೆ."

"ನೀರಿನ ಚೀಲ?"

"ಬಿಗಿಯಾಗಿ ತುಂಬಿದ ನೀರು ಎಷ್ಟು ಒತ್ತಿದರೂ ಕಣ್ಣಿಗೆ ಕಾಣೋ ಹಾಗೆ ಕುಗ್ಗಲ್ಲ. ಕುಗ್ಗದಿದ್ದ ಮೇಲೆ ಪುಟಿಯೋದೇನು ಬಂತು?"

"ಬಿಲ್ಲು?"

"ಬಗ್ಗಿಸಿದಷ್ಟೂ ಕಸುವು ಹಿಡಿಯುತ್ತೆ, ಬಿಟ್ಟರೆ ಅಂಬಿಗೆ ಕೊಡುತ್ತೆ. ಹೆದೆ ಇಳಿಸಿದರೆ ಮತ್ತೆ ನೆಟ್ಟಗಾಗುತ್ತೆ."

"ಆಗದಿದ್ದರೆ?"

"ಆಗದಿದ್ದರೆ ಯಾವನೋ ಸೋಮಾರಿ ಹಗಲೂ ರಾತ್ರಿ ಹೆದೆ ಇಳಿಸದೆ ಬಿಟ್ಟಿದ್ದಾನೆ ಅಂತಲೇ ಅರ್ಥ! ಬಗ್ಗಿ ಬಗ್ಗಿ ಮರದ ಕಸುವೇ ಸತ್ತಿರುತ್ತೆ!"

ಅಂದವನು ಗಪ್ಪನೆ ಬಾಯಿಗೆ ಕೈ ಅಡ್ಡ ಹಿಡಿದ.

"ದೊರೆಯ ಬಿಲ್ಲಿನ ಹೆದೆ ಇಳಿಸಪ್ಪ," ಅಂದಳು ರಾಣಿ.

ಅವನು ಇಳಿಸಿದ. ಬಿಲ್ಲು ಕುಡುಗೋಲಿನ ಹಾಗೆ ಬಗ್ಗಿಕೊಂಡೇ ಇತ್ತು. ಕೈಯಲ್ಲಿದ್ದ ಹುರಿಯಲ್ಲಿ ಒಂದೆಳೆಯೂ ಸಡಿಲವಾಗಿರಲಿಲ್ಲ. ಜನ ಬಿಲ್ಲು ನೋಡಿದರು, ಹುರಿ ನೋಡಿದರು, ಭರಮಣ್ಣನನ್ನು ನೋಡಿದರು. ಯಾರೂ ನಗಲಿಲ್ಲ. ನಕ್ಕಿದ್ದರೂ ತಡೆದುಕೊಳ್ಳಬಹುದಿತ್ತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ.

"ಆ ಸೋಮಾರಿ ನಾನೇ ಬುದ್ಧಿ. ಸುಳ್ಳು ಹೇಳಿದೆ."

ದೊರೆಯ ತಲೆಯೂ ತಗ್ಗಿತು. "ವಿಚಾರಿಸದೆ ಊರು ಬಿಡಿಸಿದ್ದು ನಂದೂ ತಪ್ಪೇ. ಓಡು, ಆ ಅವ್ವನ ಗಂಟನ್ನು ತಲೆ ಮೇಲೆ ಹೊತ್ತು ಮನೆಗೆ ತಂದಿಡು. ಕೇಳಿದವರಿಗೆಲ್ಲ ಯಾಕೆ ಅಂತ ಹೇಳು."

ಊರಬಾಗಿಲು ದಾಟುತ್ತಿದ್ದ ಪಾಲವ್ವನನ್ನು ಓಡಿಹೋಗಿ ತಡೆದ. ಗಂಟು ಹೊತ್ತು ಅವಳ ಹಿಂದೆ ನಡೆದ. ಬಾವಿಕಟ್ಟೆಯಲ್ಲಿ ಕೇಳಿದರು, ಹೇಳಿದ. ಕಮ್ಮಾರಸಾಲೆಯಲ್ಲಿ ಕೇಳಿದರು, ಹೇಳಿದ. ಅರಳಿಕಟ್ಟೆಯಲ್ಲಿ ಕೇಳಿದಾಗ ತಲೆ ಮೇಲಿನ ಗಂಟನ್ನು ಬಿಗಿಯಾಗಿ ಹಿಡಿದುಕೊಂಡು ಹೇಳಿದ.

ಮನೆ ಬಾಗಿಲಲ್ಲಿ ಗಂಟು ಇಳಿಸಿ, ಬೈಗುಳಕ್ಕೆ ಕಾದು ನಿಂತ. ಪಾಲವ್ವ ಒಳಗಿಂದ ಒಂದು ಚೊಂಬು ತಂದಳು.

"ದಣಿದಿದ್ದೀಯ ಮಗಾ, ನೀರು ಕುಡಿ."

ಭರಮಣ್ಣ ಚೊಂಬು ಹಿಡಿದುಕೊಂಡು ಗಳಗಳ ಅತ್ತ.

ಇಷ್ಟೇ ಮಕ್ಕಳೇ ನೀತಿ: ನಿಮ್ಮ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಬೇಡಿ. ಕಟ್ಟಿದರೆ ಒಂದು ದಿನ ನಿಮ್ಮ ಬಾಯೇ ನಿಮ್ಮನ್ನು ಹಿಡಿದುಕೊಡುತ್ತದೆ.